ವೀರನಾರು, ಹುತಾತ್ಮನಾರು?

ಕೆಲವು ದಿನಗಳ ಹಿಂದೆ ದಕ್ಷಿಣ ಬೆಂಗಳೂರಿನ ಒಂದು ಬಡಾವಣೆಯ ನಾಲ್ವರು ಮಹನೀಯರು ನಮ್ಮ ಕಚೇರಿಗೆ ದಯಮಾಡಿಸಿದ್ದರು. ಅವರ ಬಡಾವಣೆಯಲ್ಲಿ ಹೊಸದಾಗಿ ಒಂದು ವೃತ್ತವು ಸಿದ್ಧವಾಗಿದೆ. ಅದಕ್ಕೆ ಹುತಾತ್ಮರೊಬ್ಬರ ಹೆಸರನ್ನಿಡಬೇಕೆಂದು ಎಲ್ಲರ ಸಂಕಲ್ಪ. ಆದರೆ ಯಾರ ಹೆಸರನ್ನು? ಒಬ್ಬರು ಗಡಿಯಲ್ಲಿ ಮಡಿದ ಯೋಧನೊಬ್ಬನ ಹೆಸರನ್ನು ಹೇಳಿದರು. ಮತ್ತೊಬ್ಬರು ಸ್ವಾತಂತ್ರ್ಯದ ಚಳವಳಿಯಲ್ಲಿ ಗುಂಡಿಗೆ ಎದೆಯೊಡ್ಡಿದವರ ಹೆಸರನ್ನು ಹೇಳಿದರು. ಮೂರನೆಯವರು ಬೀದಿಯ ಗಲಭೆಯೊಂದರಲ್ಲಿ ಹತನಾದ ತಮ್ಮ ಪಂಗಡದ ಯುವಕನನ್ನು ಸೂಚಿಸಿದರು. ಮಾತಿಗೆ ಮಾತು ಬೆಳೆದು, ತೀರ್ಪು ಕೊಡುವ ಭಾರವನ್ನು ನಮ್ಮ ತಲೆಯ ಮೇಲೆ ಹೊರಿಸಿದರು. ನಾಲ್ಕನೆಯವರು ನಿವೃತ್ತ ತಹಶೀಲ್ದಾರರು. ಅಲ್ಲಿಯವರೆಗೂ ಸುಮ್ಮನಿದ್ದವರು ಹೊರಡುವಾಗ ಒಂದೇ ಮಾತನ್ನು ಕೇಳಿದರು: “ಸ್ವಾಮಿ, ಸತ್ತವರೆಲ್ಲರೂ ಹುತಾತ್ಮರೆಂದಾದರೆ, ಬದುಕಿದ್ದು ಸವೆದವರನ್ನು ಏನೆಂದು ಕರೆಯೋಣ?”

ವೃತ್ತದ ಹೆಸರನ್ನು ನಿಶ್ಚಯಿಸುವ ಅಧಿಕಾರವು ನಮಗಿಲ್ಲ. ಆದರೆ ಆ ವೃದ್ಧರ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ. ಅದನ್ನು ವಾಚಕ ಮಹಾಶಯರ ಮುಂದಿಟ್ಟು, ನಮಗೆ ತೋರಿದುದನ್ನು ಅರಿಕೆಮಾಡುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದವನ್ನೇ ನೋಡೋಣ. ‘ಹುತ’ವೆಂದರೆ ಅಗ್ನಿಗೆ ಅರ್ಪಿಸಿದ್ದು. ತನ್ನನ್ನೇ ಆಹುತಿಯಾಗಿ ಯಾವನು ಕೊಟ್ಟನೋ ಅವನು ಹುತಾತ್ಮನು. ಇಲ್ಲಿ ಒಂದು ಸೂಕ್ಷ್ಮವುಂಟು. ಹೋಮಕ್ಕೆ ಹವಿಸ್ಸೊಂದೇ ಸಾಲದು; ಅಗ್ನಿ ಬೇಕು, ದೇವತೆ ಬೇಕು, ಸಂಕಲ್ಪ ಬೇಕು. ಬೆಂಕಿಗೆ ಬಿದ್ದುದೆಲ್ಲವೂ ಆಹುತಿಯಲ್ಲ. ಇನ್ನು ಇಂಗ್ಲಿಷರು ಬಳಸುವ ‘ಮಾರ್ಟಿರ್’ ಎಂಬ ಪದದ ಮೂಲವು ಗ್ರೀಕ್ ಭಾಷೆಯಲ್ಲಿದೆ. ಅಲ್ಲಿ ಅದಕ್ಕೆ ‘ಸಾಕ್ಷಿ’ಯೆಂದೇ ಅರ್ಥ. ಅರಬ್ಬಿಯ ‘ಶಹೀದ್’ ಎಂಬುದಕ್ಕೂ ಮೂಲಾರ್ಥವು ಸಾಕ್ಷಿಯೇ. ಒಂದು ಕಡೆ ಆಹುತಿ, ಇನ್ನೊಂದು ಕಡೆ ಸಾಕ್ಷ್ಯ. ಮೂರು ಭಾಷೆಗಳಲ್ಲಿ ಎಲ್ಲಿಯೂ ಈ ಶಬ್ದಕ್ಕೆ ‘ಸತ್ತವನು’ ಎಂಬುದು ಮೊದಲ ಅರ್ಥವಾಗಿಲ್ಲವೆಂಬುದನ್ನು ಗಮನಿಸಬೇಕು. ಯಾವುದಕ್ಕೆ ಆಹುತಿ, ಯಾವುದಕ್ಕೆ ಸಾಕ್ಷಿ ಎಂಬುದೇ ಅಲ್ಲಿ ಮುಖ್ಯವಾದ ಪ್ರಶ್ನೆ.

‘ವೀರ’ನೆಂಬ ಶಬ್ದವಾದರೋ ಬೇರೆ. ಅದಕ್ಕೆ ನಮ್ಮ ನಾಡಿನಲ್ಲಿ ಕಲ್ಲೇ ನಿಘಂಟು. ಅದನ್ನು ಓದಲು ದಕ್ಷಿಣ ಬೆಂಗಳೂರಿನವರು ದೂರ ಹೋಗಬೇಕಾಗಿಲ್ಲ. ಜಯನಗರ, ಬಿ.ಟಿ.ಎಂ. ಬಡಾವಣೆಗಳಿಂದ ಬೊಮ್ಮನಹಳ್ಳಿಯ ದಾರಿ ಹಿಡಿದು ಬೇಗೂರಿಗೆ ಹೋದರೆ ಸಾಕು. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿ ಒಂದು ಶಾಸನವಿದೆ. ಸುಮಾರು 890ನೆಯ ಇಸವಿಯದೆಂದು ವಿದ್ವಾಂಸರ ಮತ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಕಡೆಯ ಬುಟ್ಟಣನೆಂಬವನು ಮಡಿದನೆಂದು ಅದು ಸಾರುತ್ತದೆ. ಈ ಮಹಾನಗರದ ಹೆಸರು ಕಲ್ಲಿನಲ್ಲಿ ಕಾಣಿಸಿಕೊಳ್ಳುವುದು ಅಲ್ಲಿಯೇ. ಬೆಂದಕಾಳಿನ ಕಥೆಯನ್ನು ಮಕ್ಕಳಿಗೆ ಹೇಳುವ ನಾವು, ಊರಿನ ಹೆಸರು ನಮಗೆ ಒಬ್ಬ ಸತ್ತ ಆಳಿನ ನೆನಪಿನೊಡನೆ ಬಂದಿದೆಯೆಂಬುದನ್ನು ಹೇಳುವುದಿಲ್ಲ. ಅವನಿಗೆ ಕಲ್ಲು ಹಾಕಿಸದೆ ಇದ್ದಿದ್ದರೆ ಬೆಂಗಳೂರಿನ ಹೆಸರಿನ ಪ್ರಾಚೀನತೆಗೆ ಈ ಆಧಾರವೂ ಇರುತ್ತಿರಲಿಲ್ಲ.

ಅದೇ ಬೇಗೂರಿನ ಇನ್ನೊಂದು ವೀರಗಲ್ಲನ್ನು ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ಗಂಗರ ಎರೆಯಪ್ಪರಸನು ವೀರಮಹೇಂದ್ರನೊಡನೆ ಕಾದಲೆಂದು ಅಯ್ಯಪದೇವನಿಗೆ ನೆರವಾಗಿ ನಾಗತ್ತರನನ್ನು ಸೈನ್ಯದೊಡನೆ ಕಳುಹಿಸಿದನು. ತುಂಬೆಪಾಡಿಯಲ್ಲಿ ಕಾಳಗವಾಯಿತು. ಆನೆಗಳ ನಡುವೆ ಕೈಗೆ ಕೈ ಹತ್ತಿದ ಆ ಹೋರಾಟದಲ್ಲಿ ನಾಗತ್ತರನು ಮಡಿದನು. ಅದನ್ನು ಕೇಳಿದ ಎರೆಯಪ್ಪನು ನಾಗತ್ತರನ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟನು. ಆ ಹಳ್ಳಿಗಳ ಹೆಸರುಗಳನ್ನೂ ಶಾಸನವು ಹೇಳುತ್ತದೆ. ಬೆಂಪೂರೆಂದರೆ ಇಂದಿನ ಬೇಗೂರೇ. ಇಂದು ನಿವೇಶನಗಳಾಗಿ, ಅಂತಸ್ತಿನ ಮನೆಗಳಾಗಿ, ಚದರಡಿಯ ಲೆಕ್ಕದಲ್ಲಿ ಮಾರಾಟವಾಗುತ್ತಿರುವ ಆ ಸೀಮೆಯ ನೆಲವು ಒಮ್ಮೆ ಒಬ್ಬನ ರಕ್ತಕ್ಕೆ ಪ್ರತಿಯಾಗಿ ಕೊಟ್ಟ ನೆಲವು.

ನಮ್ಮ ಪೂರ್ವಿಕರ ಈ ಪದ್ಧತಿಯಲ್ಲಿ ಮೂರು ಅಂಗಗಳಿದ್ದವು. ಸತ್ತವನಾರೆಂದು ಬರೆಯುವುದು ಒಂದು. ಯಾವ ಕೆಲಸದಲ್ಲಿ ಸತ್ತನೆಂದು ಬರೆಯುವುದು ಎರಡು. ಅವನ ಹಿಂದಿನವರಿಗೆ ಏನು ಕೊಟ್ಟರೆಂದು ಬರೆಯುವುದು ಮೂರು. ಕಲ್ನಾಡು, ನೆತ್ತರುಗೊಡಗೆ, ಬಾಳ್ಗಚ್ಚು ಮೊದಲಾದ ಹೆಸರುಗಳೇ ಆ ಕೊಡುಗೆಯ ಸ್ವರೂಪವನ್ನು ತಿಳಿಸುತ್ತವೆ. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದಾದ ಹಲ್ಮಿಡಿಯದೂ ವೀರನೊಬ್ಬನಿಗೆ ಕೊಟ್ಟ ಬಾಳ್ಗಚ್ಚಿನ ದಾಖಲೆಯೇ ಅಲ್ಲವೆ? ನಮ್ಮ ನುಡಿಯು ಕಲ್ಲಿನ ಮೇಲೆ ಬಾಯಿ ತೆರೆದುದು ಇಂತಹ ಋಣವನ್ನು ಒಪ್ಪಿಕೊಳ್ಳುವುದಕ್ಕಾಗಿ.

ಇದು ಅರಸರ ಸೇನಾನಿಗಳಿಗೆ ಮಾತ್ರ ಸಂದ ಮರ್ಯಾದೆಯೆಂದು ಭಾವಿಸಬಾರದು. ಊರಿನ ತುರುಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡನಿಂತ ಗೋವಳನಿಗೂ ಕಲ್ಲುಂಟು. ಹೆಣ್ಣಿನ ಮಾನವನ್ನು ಕಾಯಲು ಹೋಗಿ ಸತ್ತವನಿಗೂ, ಹುಲಿ ಹಂದಿಗಳೊಡನೆ ಸೆಣಸಿ ಸತ್ತವನಿಗೂ ಕಲ್ಲುಂಟು. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗಾಗಿ ನೆಲವನ್ನು ಅಗೆಯುವಾಗ ದೊರೆತ ಕಲ್ಲು ಸುಮಾರು 750ನೆಯ ಇಸವಿಯದು. ಶ್ರೀಪುರುಷನ ಕಾಲದಲ್ಲಿ ಊರಿನ ಮೇಲೆ ಬಿದ್ದವರೊಡನೆ ಹೋರಾಡಿ ಮಡಿದ ಕಿತ್ತಯ್ಯನೆಂಬವನ ಸ್ಮಾರಕ. ಅಷ್ಟೇಕೆ, ಕಾಡುಹಂದಿಯೊಡನೆ ಕಾದು ಸತ್ತ ‘ಕಾಳಿ’ಯೆಂಬ ಬೇಟೆನಾಯಿಯ ನೆನಪಿಗೂ ಆತಕೂರಿನಲ್ಲಿ ಕಲ್ಲು ನಿಂತಿತು. ಸುಮಾರು 949ರ ಆ ಕಲ್ಲು ತಕ್ಕೋಲದ ಮಹಾಯುದ್ಧದ ವಾರ್ತೆಯನ್ನೂ ನಾಯಿಯ ವಾರ್ತೆಯನ್ನೂ ಒಂದೇ ಮೈಯಲ್ಲಿ ಹೊತ್ತು ನಮ್ಮ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿಯೇ ಇದೆ. ಪೂರ್ವಿಕರು ಕುಲವನ್ನು ನೋಡಲಿಲ್ಲ, ಪದವಿಯನ್ನು ನೋಡಲಿಲ್ಲ. ಇನ್ನೊಬ್ಬರಿಗಾಗಿ ಪ್ರಾಣವನ್ನು ಒಡ್ಡಿತೇ ಎಂಬುದೊಂದನ್ನೇ ನೋಡಿದರು.

ಹೀಗೆಂದ ಮಾತ್ರಕ್ಕೆ ಹಳೆಯದೆಲ್ಲವೂ ಚಿನ್ನವೆಂದು ನಾವು ಹೇಳುವವರಲ್ಲ. ವೀರಗಲ್ಲು ಧೈರ್ಯವನ್ನು ತೂಗುತ್ತದೆ, ನ್ಯಾಯವನ್ನು ತೂಗುವುದಿಲ್ಲ. ತುಂಬೆಪಾಡಿಯಲ್ಲಿ ನಾಗತ್ತರನಿಗೆ ಎದುರಾಗಿ ನಿಂತವನೂ ತನ್ನ ಒಡೆಯನ ಉಪ್ಪಿನ ಋಣಕ್ಕಾಗಿ ಸತ್ತವನೇ. ಅವನ ಊರಿನಲ್ಲಿ ಅವನೇ ವೀರನು. ಇಬ್ಬರು ಅರಸರ ಜಗಳದಲ್ಲಿ ಎರಡು ಊರುಗಳು ಗಂಡಸರನ್ನು ಕಳೆದುಕೊಂಡವು. ಆ ಜಗಳವೇಕೆಂದು ಕಲ್ಲು ಕೇಳುವುದಿಲ್ಲ. ಒಡೆಯನು ಸತ್ತರೆ ತಾನೂ ಸಾಯುವೆನೆಂದು ವ್ರತ ತೊಟ್ಟ ಗರುಡರೂ ಲೆಂಕರೂ ನಮ್ಮಲ್ಲಿದ್ದರು. ಹೊಯ್ಸಳ ಬಲ್ಲಾಳನಿಗಾಗಿ ಪ್ರಾಣವಿತ್ತ ಕುವರ ಲಕ್ಷ್ಮನ ಕಂಬವನ್ನು ಹಳೇಬೀಡಿನಲ್ಲಿ ಇಂದಿಗೂ ನೋಡಬಹುದು. ಅವರ ನಿಷ್ಠೆಗೆ ಕೈಮುಗಿಯೋಣ. ಆದರೆ ಆ ಮರಣದಿಂದ ಯಾರ ಪ್ರಾಣವು ಉಳಿಯಿತು, ಯಾರ ಕಣ್ಣೀರು ನಿಂತಿತು? ವೀರತ್ವವು ಬೇರೆ, ಹುತಾತ್ಮತೆಯು ಬೇರೆಯೆಂದು ನಾವು ಹೇಳುವುದು ಈ ಕಾರಣದಿಂದ.

ಜಯನಗರದ ಅಶೋಕಸ್ತಂಭವನ್ನು ದಿನವೂ ಸುತ್ತುವ ಸಾವಿರಾರು ವಾಹನಗಳವರು ಅದರ ಅರ್ಥವನ್ನು ಒಮ್ಮೆ ನೆನೆದರೆ ಒಳಿತು. 1948ರ ಆಗಸ್ಟಿನಲ್ಲಿ, ಸ್ವತಂತ್ರ ಭಾರತದ ಮೊದಲನೆಯ ಭಾರತೀಯ ಗವರ್ನರ್ ಜನರಲ್ ಆಗಿದ್ದ ಶ್ರೀ ರಾಜಗೋಪಾಲಾಚಾರ್ಯರು ಜಯನಗರದ ಬಡಾವಣೆಗೆ ಅಲ್ಲಿ ಅಸ್ತಿಭಾರವನ್ನಿಟ್ಟರು. ಆ ಸಿಂಹಗಳು ಯಾರವು? ಕಳಿಂಗವನ್ನು ಗೆದ್ದು, ಅಲ್ಲಿ ಒಂದು ಲಕ್ಷ ಜನರು ಹತರಾದರೆಂದು ತಾನೇ ಎಣಿಸಿ, ತಾನೇ ಪಶ್ಚಾತ್ತಾಪಪಟ್ಟು, ಅದನ್ನು ಬಂಡೆಯ ಮೇಲೆ ಕೆತ್ತಿಸಿದ ಅರಸನವು. ಸ್ತಂಭದಿಂದ ಬೇಗೂರಿಗೆ ಕೆಲವೇ ಮೈಲಿಗಳ ದಾರಿ. ಒಂದು ಕಲ್ಲು ‘ಇವನು ಹೆದರಲಿಲ್ಲ’ ಎನ್ನುತ್ತದೆ. ಇನ್ನೊಂದು ‘ಇಷ್ಟು ಜನ ಏಕೆ ಸಾಯಬೇಕಾಯಿತು?’ ಎಂದು ಕೇಳುತ್ತದೆ. ಎರಡನ್ನೂ ಓದಿಕೊಂಡವನೇ ಹುತಾತ್ಮನಾರೆಂದು ನಿರ್ಣಯಿಸಲು ಅರ್ಹನು.

ಇನ್ನು ನಮ್ಮ ಹಿರಿಯರು ಕಣ್ಣಾರೆ ಕಂಡ ಕಾಲಕ್ಕೆ ಬರೋಣ. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಧ್ವಜವನ್ನೆತ್ತಲು ಸೇರಿದ ಜನರ ಮೇಲೆ ಗುಂಡು ಹಾರಿತು. ಸತ್ತವರ ಕೈಯಲ್ಲಿ ಆಯುಧವಿರಲಿಲ್ಲ. ಅವರು ಯಾರನ್ನೂ ಗೆಲ್ಲಲಿಲ್ಲ. ಆದರೆ ಅವರ ಸಾವು ಅಲ್ಲಿಗೇ ಮುಗಿಯಲಿಲ್ಲ. ಗಾಂಧೀಜಿಯವರು ಸರದಾರ್ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಕಳುಹಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವಾಯಿತು. ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆಯೂ ರಾಷ್ಟ್ರಧ್ವಜಕ್ಕೆ ಅವಕಾಶವೂ ದೊರೆತವು. ಸತ್ತವರು ಸಾಕ್ಷ್ಯ ನುಡಿದರು. ಬದುಕಿದವರು ಆ ಸಾಕ್ಷ್ಯವನ್ನು ಎತ್ತಿಹಿಡಿದರು. ಎರಡೂ ಕೂಡಿದುದರಿಂದ ಅದು ಹುತಾತ್ಮತೆಯೆನಿಸಿತು.

ಈಸೂರಿನ ವೃತ್ತಾಂತವು ಇಷ್ಟು ಸುಲಭವಲ್ಲ. ಸುಲಭವಲ್ಲದ ಕಾರಣವೇ ಅದನ್ನು ಮರೆಮಾಚದೆ ಹೇಳಬೇಕು. ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿಯು 1942ರ ಸೆಪ್ಟೆಂಬರಿನಲ್ಲಿ ತಾನು ಸ್ವತಂತ್ರವೆಂದು ಸಾರಿ, ಹುಡುಗರನ್ನೇ ಅಮಲ್ದಾರನೆಂದೂ ಸಬ್ ಇನ್‌ಸ್ಪೆಕ್ಟರನೆಂದೂ ನೇಮಿಸಿತು. ಅಧಿಕಾರಿಗಳು ಬಂದಾಗ ನಡೆದ ಘರ್ಷಣೆಯಲ್ಲಿ ಸರಕಾರದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಪ್ರಾಣ ಕಳೆದುಕೊಂಡರು. ಮೊಕದ್ದಮೆ ನಡೆದು, ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚಿನಲ್ಲಿ ನಮ್ಮ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಈ ಐವರನ್ನು ನಾಡು ಹುತಾತ್ಮರೆಂದು ಕರೆಯುತ್ತದೆ. ಅದು ನ್ಯಾಯವೇ ಸರಿ. ಪರರ ಆಳಿಕೆಯ ಕೆಳಗೆ ಒಂದು ಹಳ್ಳಿಯು ತಲೆಯೆತ್ತಿ ನಿಂತುದಕ್ಕೆ ಅವರು ತಮ್ಮ ಕೊರಳನ್ನು ಬೆಲೆಯಾಗಿ ಕೊಟ್ಟರು.

ಆದರೆ ಆ ಇಬ್ಬರು ಅಧಿಕಾರಿಗಳು? ಅವರೂ ಕನ್ನಡಿಗರೇ. ಸಂಬಳದ ಕೆಲಸಕ್ಕೆ ಬಂದವರು, ಮನೆಯಲ್ಲಿ ಹೆಂಡಿರು ಮಕ್ಕಳನ್ನು ಬಿಟ್ಟು ಬಂದವರು. ಅವರಿಗೆ ಕಲ್ಲು ಬೇಕೆಂದು ನಾವು ವಾದಿಸುವುದಿಲ್ಲ. ಅವರಿಗಾಗಿ ಒಂದು ನಿಟ್ಟುಸಿರೂ ಬೇಡವೆನ್ನುವವರ ಜತೆಗೂ ನಾವು ಸೇರುವುದಿಲ್ಲ. ಈ ಪತ್ರಿಕೆಯನ್ನೋದುವ ಸರಕಾರಿ ನೌಕರ ಮಹಾಶಯರು ಈ ಪ್ರಶ್ನೆಯನ್ನು ತಮ್ಮ ಎದೆಗೆ ತಂದುಕೊಳ್ಳಬೇಕು. ಹುಕುಮನ್ನು ನೆರವೇರಿಸುವುದು ಕರ್ತವ್ಯವೆಂಬುದು ದಿಟ. ಆದರೆ ಹುಕುಮು ನ್ಯಾಯವೇ ಎಂದು ಕೇಳಿಕೊಳ್ಳುವುದೂ ಕರ್ತವ್ಯವೇ. ಮೊದಲನೆಯದನ್ನು ಮಾತ್ರ ಬಲ್ಲವನು ಧೈರ್ಯಶಾಲಿಯಾಗಿಯೂ ತಪ್ಪು ಪಕ್ಷದಲ್ಲಿ ಸಾಯಬಹುದು. ಅದಕ್ಕಿಂತ ದೊಡ್ಡ ದುರಂತವು ಇನ್ನಾವುದುಂಟು?

ಮರುತಿಂಗಳು, 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪನವರೂ ಅವರ ಸಂಗಡಿಗರಾದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬವರೂ ಗುಂಡಿಗೆ ಬಲಿಯಾದರು. ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದವರು. ಅಂದರೆ ಸಾಯುವುದಕ್ಕೆ ಹದಿಮೂರು ವರ್ಷ ಮೊದಲೇ ಅವರು ತಮ್ಮ ಬಾಳನ್ನು ಅರ್ಪಿಸಿಯಾಗಿತ್ತು. ಆ ಹದಿಮೂರು ವರ್ಷಗಳ ದುಡಿಮೆ, ಸೆರೆವಾಸ, ಸಂಸಾರದ ಕಷ್ಟಗಳನ್ನು ಬಿಟ್ಟು ಕೊನೆಯ ದಿನದ ಗುಂಡನ್ನು ಮಾತ್ರ ಸ್ಮರಿಸುವುದು ಮರದ ಬೇರನ್ನು ಮರೆತು ಹೂವನ್ನು ಮಾತ್ರ ಮುಡಿದಂತೆ. ಹೋಮದಲ್ಲಿ ಪೂರ್ಣಾಹುತಿಯು ಕೊನೆಯದು. ಅದಕ್ಕೆ ಮೊದಲು ನೂರಾರು ಆಹುತಿಗಳು ಬಿದ್ದಿರುತ್ತವೆ.

ಮೇಲೆ ಹೇಳಿದ ಸೆಂಟ್ರಲ್ ಜೈಲಿನ ಸ್ಥಳವು ಈಗ ಫ್ರೀಡಂ ಪಾರ್ಕ್ ಎಂಬ ಉದ್ಯಾನ. ಗಲ್ಲಿನ ಮರವನ್ನು ಕಂಡ ಅದೇ ಗೋಡೆಗಳು ಸ್ವತಂತ್ರ ಭಾರತದಲ್ಲಿಯೂ ಒಂದು ಸಾಕ್ಷ್ಯವನ್ನು ಕೇಳಿದವು. ‘ಸಂಸ್ಕಾರ’ ಚಲಚ್ಚಿತ್ರದ ನಟಿ ಶ್ರೀಮತಿ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಅಲ್ಲಿ ಸೆರೆಯಿಟ್ಟರು. ಉಬ್ಬಸದಿಂದ ನರಳುತ್ತಿದ್ದ ಆಕೆಯನ್ನು ತೀರ ಕ್ಷೀಣಿಸಿದ ಮೇಲೆ ಬಿಡುಗಡೆ ಮಾಡಿದರು. 1977ರ ಜನವರಿ 20ರಂದು ಆಕೆ ತೀರಿಕೊಂಡರು. ಆಕೆಯ ಕೈಯಲ್ಲಿ ಕತ್ತಿಯಿರಲಿಲ್ಲ, ಸುತ್ತಲೂ ರಣಘೋಷವಿರಲಿಲ್ಲ. ರಾತ್ರಿಯ ಕತ್ತಲೆಯಲ್ಲಿ ಒಂದೊಂದು ಉಸಿರಿಗೂ ಹೋರಾಡುವುದೇ ಆಕೆಯ ಯುದ್ಧವಾಗಿತ್ತು. ಮಚ್ಚೆಯಿಲ್ಲದ ಮೈಯ ವೀರರೂ ಉಂಟೆಂಬುದಕ್ಕೆ ಬೆಂಗಳೂರಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಜೆ.ಪಿ. ನಗರವೆಂದು ನಿತ್ಯವೂ ಬಾಯಲ್ಲಿ ಆಡುವವರಲ್ಲಿ ಎಷ್ಟು ಮಂದಿ ಆ ಎರಡಕ್ಷರಗಳನ್ನು ಬಿಡಿಸಿ ನೋಡಿದ್ದಾರೆ? ಅದು ಜಯಪ್ರಕಾಶ ನಾರಾಯಣರ ಹೆಸರು. 1942ರ ದೀಪಾವಳಿಯ ರಾತ್ರಿ ಹಜಾರಿಬಾಗ್ ಜೈಲಿನ ಗೋಡೆಯನ್ನು ಹಾರಿದ ಧೀರರು ಅವರು. ಆ ರಾತ್ರಿ ಕಾವಲುಗಾರನ ಗುಂಡು ತಗುಲಿದ್ದರೆ ಅಂದೇ ಹುತಾತ್ಮರೆನಿಸುತ್ತಿದ್ದರು. ಅವರು ಬದುಕಿದರು. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಪೀಠವನ್ನು ಬಯಸದೆ ಭೂದಾನದ ಹಳ್ಳಿಗಳಲ್ಲಿ ಅಲೆದರು. 1975ರಲ್ಲಿ ಮುಪ್ಪಿನ ಕಾಲಕ್ಕೆ ಮತ್ತೆ ಸೆರೆಯನ್ನು ಕಂಡು, ಮೂತ್ರಪಿಂಡಗಳನ್ನು ಕಳೆದುಕೊಂಡು, 1979ರಲ್ಲಿ ತೀರಿಕೊಂಡರು. ಒಂದು ರಾತ್ರಿಯ ಧೈರ್ಯವನ್ನು ಮೂವತ್ತೇಳು ವರ್ಷಗಳವರೆಗೆ ಹಂಚಿ ಬಾಳುವುದು ಒಮ್ಮೆಗೇ ಪ್ರಾಣ ಕೊಡುವುದಕ್ಕಿಂತ ಸುಲಭವೆಂದು ಯಾರು ಹೇಳಬಲ್ಲರು? ನಮ್ಮ ಗೋವಿನ ಕಥೆಯ ಪುಣ್ಯಕೋಟಿಯಾದರೂ ಸಾಯಲಿಲ್ಲ. ಮಾತಿಗೆ ತಪ್ಪದೆ ಹುಲಿಯ ಮುಂದೆ ಬಂದು ನಿಂತಿತು. ಅಷ್ಟರಿಂದಲೇ ನಾಡಿನ ಮಕ್ಕಳಿಗೆಲ್ಲ ಪಾಠವಾಯಿತು.

ಈಗ ನಮ್ಮ ಕಾಲದ ರೂಢಿಯನ್ನು ಪರೀಕ್ಷಿಸೋಣ. ಹುತಾತ್ಮನೆಂಬ ಬಿರುದು ಇಂದು ಸವಕಲು ನಾಣ್ಯವಾಗಿದೆ. ಭಾರತ ಸರಕಾರವು ಪಾರ್ಲಿಮೆಂಟಿನಲ್ಲಿಯೇ, ಸೇನೆಯಲ್ಲಾಗಲಿ ಕೇಂದ್ರ ಪೊಲೀಸು ಪಡೆಗಳಲ್ಲಾಗಲಿ ಮಡಿದವರಿಗೆ ಈ ಶಬ್ದವನ್ನು ಅಧಿಕೃತವಾಗಿ ಬಳಸುವುದಿಲ್ಲವೆಂದು ತಿಳಿಸಿದೆ. ಕಡತದಲ್ಲಿರುವುದು ಬೇರೆ ಪದ, ಅದಕ್ಕೆ ತಕ್ಕ ಪಿಂಚಣಿ. ಸರಕಾರವು ಇಷ್ಟು ಎಚ್ಚರದಿಂದಿದ್ದರೆ, ನಮ್ಮ ಬೀದಿಗಳು ಮಾತ್ರ ಧಾರಾಳಿಗಳು. ಪಂಗಡ ಪಂಗಡಗಳ ಹೊಡೆದಾಟದಲ್ಲಿ ಬಿದ್ದವನೂ ಮರುದಿನದ ಭಿತ್ತಿಪತ್ರದಲ್ಲಿ ಅಮರನು. ಅವನ ತಾಯಿಯ ಅಳುವಿನ ಮೇಲೆ ಧ್ವನಿವರ್ಧಕದ ಕೂಗು ಏಳುತ್ತದೆ. ಇನ್ನೊಂದು ಪಂಗಡದವನನ್ನು ಕೊಲ್ಲಲು ಅದೇ ನೆಪವಾಗುತ್ತದೆ. ಎಳೆಯ ಪ್ರಾಣವು ಹೋದುದು ಅತ್ಯಂತ ಶೋಚನೀಯ. ಆದರೆ ಶೋಕಕ್ಕೆ ಒಂದು ಮರ್ಯಾದೆಯುಂಟು, ಬಿರುದಿಗೆ ಒಂದು ಮರ್ಯಾದೆಯುಂಟು. ಒಬ್ಬನ ಸಾವು ಇನ್ನೊಬ್ಬನನ್ನು ಉಳಿಸಿತೆ, ಇಲ್ಲವೆ ಇನ್ನೊಬ್ಬನನ್ನು ಕೊಲ್ಲಲು ಕರೆಯಿತೆ ಎಂಬುದೇ ಒರೆಗಲ್ಲು.

ಈ ಒರೆಗಲ್ಲಿಗೆ ಉಜ್ಜಿದರೆ ನಮ್ಮ ನಗರದಲ್ಲಿ ಕಲ್ಲು ಕಾಣದ ವೀರರು ಬೇರೆಯೇ ಇದ್ದಾರೆ. ಮಲದ ಗುಂಡಿಗೆ ಇಳಿದವನೊಬ್ಬನು ವಿಷವಾಯುವಿನಿಂದ ಮೂರ್ಛೆ ಹೋಗುತ್ತಾನೆ. ಮೇಲಿದ್ದವನು ಹಗ್ಗವನ್ನೂ ಕಾಯದೆ, ‘ಅಣ್ಣಾ’ ಎಂದು ಕೂಗುತ್ತ ಅವನ ಹಿಂದೆ ಇಳಿಯುತ್ತಾನೆ. ಇಬ್ಬರೂ ಹೆಣವಾಗಿ ಮೇಲೆ ಬರುತ್ತಾರೆ. ದೇಶದ ಊರೂರುಗಳಿಂದ ಇಂತಹ ವಾರ್ತೆಯು ನಮ್ಮ ಮೇಜಿಗೆ ಎಷ್ಟು ಸಲ ಬಂದಿದೆಯೆಂದು ಹೇಳಲು ನಾಚಿಕೆಯಾಗುತ್ತದೆ. ಆ ಎರಡನೆಯವನು ಯಾರು? ಬೇಗೂರಿನ ಹಿಂದಿನ ಊರಗೌಡನು ಅವನಿಗೆ ಕಲ್ಲು ನಿಲ್ಲಿಸದೆ ಬಿಡುತ್ತಿದ್ದನೆ? ತುರುವಿಗಾಗಿ ಸತ್ತವನಿಗೆ ಕೊಟ್ಟ ಮಾನವನ್ನು ಮನುಷ್ಯನಿಗಾಗಿ ಸತ್ತವನಿಗೆ ನಾವು ಕೊಡುತ್ತಿಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಮನುಷ್ಯನನ್ನು ಗುಂಡಿಗೆ ಇಳಿಸುವುದನ್ನು 2013ರ ಕಾಯಿದೆಯು ನಿಷೇಧಿಸಿದೆ. ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿಗಳೆಂದು 2014ರಲ್ಲಿ ವಿಧಿಸಿದ ಸುಪ್ರೀಂ ಕೋರ್ಟು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸತ್ತವನನ್ನು ವೀರನೆಂದು ಹೊಗಳಿ, ಇಳಿಸಿದವನ ಅಪರಾಧವನ್ನು ಹೂಮಾಲೆಯ ಕೆಳಗೆ ಮುಚ್ಚುವುದಾದರೆ ಅಂತಹ ಹೊಗಳಿಕೆಯೇ ಪಾಪ. ಎರೆಯಪ್ಪನು ಕಲ್ಲನ್ನು ನಿಲ್ಲಿಸಿದುದಲ್ಲದೆ ಕಲ್ನಾಡನ್ನೂ ಕೊಟ್ಟನೆಂಬುದನ್ನು ಮರೆಯಬಾರದು. ಕಲ್ನಾಡಿಲ್ಲದ ಕಲ್ಲು ಬರಿಯ ಕಲ್ಲು. ನಮ್ಮ ಕಾಲದ ಕಲ್ನಾಡೆಂದರೆ ಪರಿಹಾರದ ಹಣ, ಮಕ್ಕಳ ಓದು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಇನ್ನೊಬ್ಬನು ಹಾಗೆ ಸಾಯದಂತೆ ಮಾಡುವುದು.

ಇಷ್ಟನ್ನು ವಿಚಾರ ಮಾಡಿದ ಮೇಲೆ ಆ ನಾಲ್ವರು ಮಹನೀಯರಿಗೆ ನಾವು ಕೊಡುವ ಉತ್ತರವು ಇದು. ವೃತ್ತಕ್ಕೆ ಯಾರ ಹೆಸರನ್ನಾದರೂ ಇಡಿ. ಆದರೆ ಹಲಗೆಯ ಮೇಲೆ ಹೆಸರೊಂದನ್ನೇ ಬರೆಯಬೇಡಿ. ಪೂರ್ವಿಕರಂತೆ ಮೂರನ್ನೂ ಬರೆಯಿರಿ: ಈತನು ಯಾರು, ಯಾರನ್ನು ಉಳಿಸಲು ಹೋಗಿ ಮಡಿದನು, ಈತನ ಹಿಂದಿನವರಿಗಾಗಿ ನಾವೇನು ಮಾಡಿದೆವು. ಮೂರನೆಯ ಸಾಲನ್ನು ಬರೆಯಲು ಕೈ ನಡುಗುವುದಾದರೆ, ಮೊದಲು ಆ ಕೆಲಸವನ್ನು ಮಾಡಿ, ಆಮೇಲೆ ಹಲಗೆಯನ್ನು ನಿಲ್ಲಿಸಿ. ಎರಡನೆಯ ಸಾಲನ್ನು ಬರೆಯಲು ಮಾತೇ ದೊರೆಯದಿದ್ದರೆ, ಆ ಹೆಸರು ವೃತ್ತಕ್ಕೆ ತಕ್ಕುದಲ್ಲವೆಂದು ತಿಳಿಯಿರಿ. ಆಗ ಜಗಳವು ತಾನಾಗಿಯೇ ತೀರುತ್ತದೆ.

ಇನ್ನು ಆ ನಿವೃತ್ತ ತಹಶೀಲ್ದಾರರ ಪ್ರಶ್ನೆ. ಬೇಗೂರಿಗೆ ಅನತಿದೂರದ ಅಗರದಲ್ಲಿ ಸುಮಾರು 870ನೆಯ ಇಸವಿಯ ಗಂಗರ ಕಾಲದ ಶಾಸನವೊಂದಿದೆ. ಅದರಲ್ಲಿ ಕಾಳಗವಿಲ್ಲ, ರಕ್ತವಿಲ್ಲ. ಕೆರೆಗಳಿಗೆ ತೂಬನ್ನು ಇಡಿಸಿ, ಹೊಸದೊಂದು ಕೆರೆಯನ್ನು ಕಟ್ಟಿಸಿದ ವಾರ್ತೆಯಿದೆ. ಒಂದೇ ಸೀಮೆಯ ಜನ, ಹೆಚ್ಚುಕಡಿಮೆ ಒಂದೇ ತಲೆಮಾರಿನಲ್ಲಿ, ಊರಿಗಾಗಿ ಸತ್ತವನಿಗೂ ಕಲ್ಲು ಹಾಕಿದರು, ಊರಿಗಾಗಿ ನೀರು ನಿಲ್ಲಿಸಿದವನಿಗೂ ಕಲ್ಲು ಹಾಕಿದರು. ಸತ್ತವನ ಮಕ್ಕಳು ಯಾವ ನೀರಿನಿಂದ ಗದ್ದೆಯನ್ನು ಉತ್ತರು? ಬದುಕಿದವನು ಕಟ್ಟಿದ ಕೆರೆಯ ನೀರಿನಿಂದ. ಪೂಜ್ಯರಾದ ಆ ಹಿರಿಯರು ನಮ್ಮಲ್ಲಿಗೆ ಇನ್ನೊಮ್ಮೆ ಬಂದರೆ ಅವರನ್ನು ಅಗರದ ಆ ಶಾಸನದ ಬಳಿಗೆ ಕರೆದುಕೊಂಡು ಹೋಗಬೇಕೆಂದಿದ್ದೇವೆ.